ಬಿಟ್ಟುಕೊಟ್ಟ ಗೆಲುವು

"ಎತ್ಕೊಳ್ಳಿ."

ಅವನು ಹೇಳಿದ್ದು ಇದೊಂದೇ ಮಾತು. ಚೆಂಡಿನ ಮೇಲೆ ಬಗ್ಗಿ ನಿಂತಿದ್ದ ಅವಳಿಗೆ ಅದು ಯಾರಿಗೆ ಹೇಳಿದ್ದೆಂದು ಮೊದಲು ತಿಳಿಯಲೇ ಇಲ್ಲ.

ಕೊನೆಯ ಕುಳಿ. ಬೆಳಗಿನಿಂದ ಆಡಿ ಆಡಿ ಇಬ್ಬರೂ ಸಮ ಸಮ ಬಂದಿದ್ದರು. ಅವನ ಚೆಂಡು ಐದನೆಯ ಏಟಿಗೆ ಕುಳಿಗೆ ಬಿದ್ದಿತ್ತು. ಅವಳಿಗೆ ಇದು ನಾಲ್ಕನೆಯದು. ಬಿದ್ದರೆ ಗೆಲುವು! ಚೆಂಡಿಗೂ ಕುಳಿಗೂ ನಡುವೆ ನಾಲ್ಕು ಅಡಿ ಹುಲ್ಲು, ಅದೂ ಇಳಿಜಾರು. ಹಗ್ಗದಾಚೆ ನಿಂತ ಜನ ಕೆಮ್ಮನ್ನೂ ನುಂಗಿಕೊಂಡಿದ್ದರು.

"ಏನಂದ್ರಿ?" ಎಂದಳು ತಲೆಯೆತ್ತಿ.

"ಚೆಂಡು ಎತ್ಕೊಳ್ಳಿ. ಇನ್ನೇನಿದೆ? ಗೆದ್ರಿ ನೀವು."

ಹಾಗೆನ್ನುವಾಗ ಅವನು ಅವಳ ಮುಖ ನೋಡಲಿಲ್ಲ. ಅವಳ ಭುಜದಾಚೆ ಎಲ್ಲೋ ನೋಡುತ್ತಾ, ಬಾಗಿಲಲ್ಲಿ ಯಾರಿಗೋ ದಾರಿ ಬಿಡುವವನ ಹಾಗೆ ಹೇಳಿ ಟೋಪಿ ತೆಗೆದ.

ಗಾಲ್ಫ್ ಆಟದಲ್ಲಿ ಹೀಗೊಂದು ಪದ್ಧತಿ ಇದೆ. ಇಬ್ಬರು ಎದುರುಬದುರಾಗಿ ಆಡುವಾಗ ಒಬ್ಬರ ಚೆಂಡು ಕುಳಿಗೆ ಗೇಣುದ್ದ ಹತ್ತಿರ ನಿಂತರೆ, ಇನ್ನು ಇದು ತಪ್ಪುವ ಮಾತೇ ಇಲ್ಲ ಎಂದು ಎದುರಾಳಿ "ಎತ್ಕೊಳ್ಳಿ" ಎನ್ನುತ್ತಾನೆ. ಚೆಂಡು ಬಿದ್ದಷ್ಟೇ ಲೆಕ್ಕ. ಅದು ಮರ್ಯಾದೆ. ಆದರೆ ನಾಲ್ಕು ಅಡಿಗೆ, ಇಳಿಜಾರಿನಲ್ಲಿ, ಪಂದ್ಯದ ಕೊನೆಯ ಏಟಿಗೆ ಯಾರೂ ಹಾಗೆನ್ನುವುದಿಲ್ಲ. ಅದಕ್ಕೆ ಮರ್ಯಾದೆ ಎನ್ನುವುದಿಲ್ಲ, ಭಿಕ್ಷೆ ಎನ್ನುತ್ತಾರೆ.

"ಬೇಡ! ನಾನು ಹೊಡೀತೀನಿ," ಎಂದಳು.

ತೀರ್ಪುಗಾರರು ಅಡ್ಡ ಬಂದರು. "ಆಗಲ್ಲಮ್ಮ. ಅವರು ಬಿಟ್ಟುಕೊಟ್ಟಾಯ್ತು. ಬೇಡ ಅನ್ನೋಕೆ ನಿಮಗೂ ಬರಲ್ಲ, ವಾಪಸ್ ತಗೊಳ್ಳೋಕೆ ಅವರಿಗೂ ಬರಲ್ಲ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಿಯಮ ಅದು."

ಅಷ್ಟರಲ್ಲಿ ಜನ ಹಗ್ಗ ದಾಟಿ ನುಗ್ಗಿದರು. ಚಪ್ಪಾಳೆ, ಶಿಳ್ಳೆ! ಅವಳ ಚೆಂಡು ಯಾರ ಕಾಲಡಿ ಸಿಕ್ಕಿ ಎಲ್ಲಿ ಹೋಯಿತೋ, ಕಾಣಲೇ ಇಲ್ಲ. ಮತ್ತೆ ನೋಡಿದರೆ ಚಪ್ಪಾಳೆಗಳೆಲ್ಲ ಅವನ ಕಡೆಗೆ ತಿರುಗಿದ್ದವು.

"ಎಂಥಾ ದೊಡ್ಡ ಮನಸ್ಸು ಮೇಷ್ಟ್ರದು!"

"ಹೆಣ್ಣುಮಗಳು ಪಾಪ, ಕೈ ನಡುಗ್ತಿತ್ತು ನೋಡಿ, ಅದಕ್ಕೇ ಬಿಟ್ಟುಕೊಟ್ರು."

*ನನ್ನ ಕೈ ನಡುಗುತ್ತಿರಲಿಲ್ಲ...* ಅವಳಿಗೆ ಕೂಗಿ ಹೇಳಬೇಕೆನಿಸಿತು. ಯಾರಿಗೆ ಹೇಳುವುದು?

ಅವಳಿಗೆ ಆ ಗೆಲುವು ಎಷ್ಟು ಬೇಕಾಗಿತ್ತೆಂದು ಗೊತ್ತಿದ್ದದ್ದು ಅವಳ ಅಕ್ಕನಿಗೊಬ್ಬಳಿಗೇ. ಅಪ್ಪ ಆ ಪಂದ್ಯ ನಡೆದ ಕ್ಲಬ್ಬಿನಲ್ಲೇ ಹುಲ್ಲು ಕತ್ತರಿಸುತ್ತಿದ್ದವರು. ಮುರಿದ ಗಾಲ್ಫ್ ಕೋಲೊಂದನ್ನು ಗರಗಸದಲ್ಲಿ ಕೊಯ್ದು, ಹಿಡಿಗೆ ಬಟ್ಟೆ ಸುತ್ತಿ ಮಗಳ ಕೈಗೆ ಕೊಟ್ಟಿದ್ದರು. ಅಪ್ಪ ಹೋದ ಮೇಲೆ ಅಕ್ಕ ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಆಡಿಸಿದಳು. ಆ ಸೀಮೆಯಲ್ಲಿ ಈ ಆಟವನ್ನೇ ಕಸುಬು ಮಾಡಿಕೊಂಡ ಹೆಂಗಸು ಅದುವರೆಗೆ ಒಬ್ಬಳೂ ಇರಲಿಲ್ಲ. ಹೆಂಗಸರಿಗೆ ಬೇರೆ ಪಂದ್ಯಗಳೂ ಇರಲಿಲ್ಲ. ಗಂಡಸರ ಜೊತೆ ಮುಕ್ತ ಪಂದ್ಯಾವಳಿಯಲ್ಲಿ ಆಡಬೇಕು, ಇಲ್ಲವೇ ಮನೆಯಲ್ಲಿರಬೇಕು. ಕ್ಲಬ್ಬಿನವರು ನಕ್ಕು ಒಂದು ಷರತ್ತು ಹಾಕಿದ್ದರು: ನಮ್ಮ ಮುಖ್ಯ ತರಬೇತುದಾರನನ್ನು ಮೊದಲು ಸೋಲಿಸಿ, ಆಮೇಲೆ ನಿಮ್ಮ ಹೆಸರು ಕಳಿಸುತ್ತೇವೆ.

ಸೋಲಿಸಿದಳು. ಆದರೆ ಹೆಸರು ಹೋಗಲಿಲ್ಲ.

"ನೋಡಮ್ಮ," ಎಂದರು ಕಾರ್ಯದರ್ಶಿ, ಮೀಸೆಯ ಮೇಲಿನ ಟೀ ಒರೆಸಿಕೊಳ್ಳುತ್ತಾ. "ಗೆದ್ದಿದ್ದು ಬೇರೆ, ಕೊಟ್ಟಿದ್ದು ಬೇರೆ. ನಿನ್ನ ಹೆಸರು ಕಳಿಸಿದ್ರೆ ನಾಲ್ಕು ಜನ ನಮ್ಮನ್ನ ಆಡ್ಕೊಳ್ಳಲ್ವಾ? ಒಂದು ಕೆಲಸ ಮಾಡು. ಹೆಂಗಸ್ರಿಗೆ, ಮಕ್ಕಳಿಗೆ ಹೇಳ್ಕೊಡು. ಮೈದಾನದ ಎಡಗಡೆ ಸಾಮಾನು ಕೋಣೆ ಪಕ್ಕ ಜಾಗ ಇದೆ."

ಅವಳು ನೇರವಾಗಿ ಅವನಲ್ಲಿಗೆ ಹೋದಳು. ಎಲ್ಲರೂ 'ಮೇಷ್ಟ್ರು' ಎಂದು ಕರೆಯುವ ಆ ಮನುಷ್ಯ ನಲ್ಲಿಯ ಕೆಳಗೆ ಕೋಲುಗಳ ಮಣ್ಣು ತೊಳೆಯುತ್ತಿದ್ದ.

"ಯಾಕೆ ಹಾಗ್ಮಾಡಿದ್ರಿ?"

ಅವನು ತಿರುಗಿದ. ಮತ್ತೆ ಅದೇ! ಕಣ್ಣು ಅವಳ ಕಿವಿಯಾಚೆ ಎಲ್ಲೋ.

"ಚೆಂಡು ಕುಳಿ ಹತ್ರಾನೇ ಇತ್ತಲ್ಲ..."

"ನಾಲ್ಕು ಅಡಿ ನಿಮಗೆ ಹತ್ರಾನಾ?"

ಅವನ ಕೈಯಲ್ಲಿದ್ದ ಕೋಲು ಕಲ್ಲಿಗೆ ಬಡಿಯಿತು. "ನಾಲ್ಕು ಅಡಿ... ಇತ್ತಾ?" ಎಂದ ಮೆಲ್ಲಗೆ.

ಉರಿಯುವ ಬೆಂಕಿಗೆ ಎಣ್ಣೆ ಸುರಿದ ಹಾಗಾಯಿತು! ಅಣಕಿಸುತ್ತಿದ್ದಾನೆ. ಬಿಟ್ಟುಕೊಟ್ಟದ್ದೂ ಅಲ್ಲದೆ ಏನೂ ಗೊತ್ತಿಲ್ಲದವನ ನಾಟಕ ಬೇರೆ.

"ಮಾತಾಡುವಾಗ ಮುಖ ನೋಡಿ ಮಾತಾಡೋದನ್ನ ಮೊದಲು ಕಲೀರಿ," ಎಂದು ಹೇಳಿ ಬಂದುಬಿಟ್ಟಳು. ಆವತ್ತಿನಿಂದ ಅವನನ್ನು ದ್ವೇಷಿಸುವುದೇ ಅವಳ ನಿತ್ಯಕರ್ಮವಾಯಿತು. ದ್ವೇಷಿಸಬೇಕೆಂದರೂ ಆ ಮನುಷ್ಯನನ್ನು ದಿನವಿಡೀ ಗಮನಿಸಬೇಕಲ್ಲ, ಅಲ್ಲೇ ಇರುವುದು ಅಪಾಯ!

ಅವಳು ಟೀಚರ್ ಆದಳು. ಒಲ್ಲದ ಮನಸ್ಸಿನಿಂದಲೇ ಆದಳು, ಆದರೆ ಆದ ಮೇಲೆ ಚೆನ್ನಾಗಿಯೇ ಆದಳು. ಅವಳದೊಂದು ವಿಚಿತ್ರ ಕ್ರಮವಿತ್ತು. ಹೊಸದಾಗಿ ಬಂದವರಿಗೆ ಮೊದಲ ವಾರವೆಲ್ಲ ಕಣ್ಣು ಮುಚ್ಚಿ ಹೊಡೆಯಲು ಹೇಳುತ್ತಿದ್ದಳು.

"ಅಲ್ಲಾ ಟೀಚರ್, ಕಣ್ಣು ಬಿಟ್ಟೇ ನನಗೆ ಚೆಂಡು ತಾಗಲ್ಲ. ಮುಚ್ಚಿದ್ರೆ ಅದರ ಗತಿ ಏನು?" ಎಂದು ಗೋಳಾಡಿದರು ಅವಳ ಮೊದಲ ಶಿಷ್ಯೆ, ಕೆಲಸದಿಂದ ನಿವೃತ್ತಿಯಾದ ದಪ್ಪನೆಯ ನರ್ಸಮ್ಮ.

"ಚೆಂಡು ಎಲ್ಲಿಗೂ ಓಡಿಹೋಗಲ್ಲ ನರ್ಸಮ್ಮ. ನೀವು ಚೆಂಡು ನೋಡ್ತಾ ನೋಡ್ತಾ ನಿಮ್ಮ ಭುಜ ಮರೀತೀರಿ. ಕಣ್ಣು ಮುಚ್ಚಿ. ಕಾಲಿಗೆ ನೆಲ ಸಿಕ್ತಾ? ಸೊಂಟ ತಿರುಗ್ತಾ? ಈಗ ಬಿಡಿ ಕೈ."

ನರ್ಸಮ್ಮನ ಚೆಂಡು ಅಂದು ಸಾಮಾನು ಕೋಣೆಯ ಕಿಟಕಿಗೆ ಹೋಯಿತು. ಆದರೆ ತಿಂಗಳೊಳಗೆ ನೆಟ್ಟಗೆ ಹೋಗತೊಡಗಿತು.

ಮೇಷ್ಟ್ರು ಮೈದಾನದ ಬಲತುದಿಯಲ್ಲಿ ಕಲಿಸುತ್ತಿದ್ದ. ಶಿಷ್ಯರಿಲ್ಲದಾಗ ಅವಳ ಕಡೆಯ ಬೆಂಚಿಗೆ ಬಂದು ಸುಮ್ಮನೆ ಕೂರುತ್ತಿದ್ದ. ಅವಳತ್ತ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಕೇಳುತ್ತಿದ್ದ ಅಷ್ಟೇ. ಒಂದೊಂದು ಸಲ ಥಟ್ಟನೆ ಹೇಳುತ್ತಿದ್ದ: "ಆ ಏಟು ಕೋಲಿನ ತುದಿಗೆ ಬಿತ್ತು. ಸ್ವಲ್ಪ ಹಿಂದೆ ನಿಲ್ಲಿಸಿ ಅವರನ್ನ." ಅದು ಸರಿಯಾಗಿಯೇ ಇರುತ್ತಿತ್ತು ಎನ್ನುವುದು ಅವಳ ಹೊಟ್ಟೆಯುರಿ.

ಹೀಗೇ ವರ್ಷದ ಮೇಲಾಯಿತು. ಒಂದು ಬೆಳಗ್ಗೆ ಇನ್ನೂ ಯಾರೂ ಬಂದಿರಲಿಲ್ಲ. ಅವಳು ಚೆಂಡಿನ ಬುಟ್ಟಿ ಇಳಿಸುತ್ತಿದ್ದಾಗ ಅವನು ಬಂದು ನಿಂತ.

"ನನಗೂ ಹೇಳ್ಕೊಡ್ತೀರಾ? ಕಣ್ಣು ಮುಚ್ಚಿ ಹೊಡೆಯೋದು."

ಅವಳು ನಕ್ಕಳು, ಆ ನಗುವಿನಲ್ಲಿ ವಿಷವೇ ಇತ್ತು. "ಯಾಕೆ ಮೇಷ್ಟ್ರೇ, ಬಿಟ್ಟುಕೊಟ್ಟು ಬಿಟ್ಟುಕೊಟ್ಟು ಕೈ ಸೋತುಹೋಯ್ತಾ?"

"ಹೌದು ಅಂತಿಟ್ಕೊಳ್ಳಿ."

ಆ ದನಿಯಲ್ಲಿ ಏನೋ ಇತ್ತು. ಬೇಡುವವರ ದನಿ... ಇಲ್ಲವೆನ್ನಲು ಅವಳ ನಾಲಿಗೆ ಏಳಲಿಲ್ಲ.

ಕಲಿಸುವವರು ಮುಟ್ಟದೆ ಕಲಿಸಲಾಗುವುದಿಲ್ಲ. ಅವನ ಭುಜ ಹಿಡಿದು ತಿರುಗಿಸಿದಳು. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಯ ಮೇಲೆ ಇಟ್ಟಳು. ಎಷ್ಟು ತಣ್ಣಗಿದ್ದವು ಆ ಬೆರಳುಗಳು! ಅವಳ ಎದೆಯೇಕೆ ಹೀಗೆ ಹೊಡೆದುಕೊಳ್ಳಬೇಕು? *ಛೀ, ಇವನ ಮೇಲೆ ನನಗೆ ಸಿಟ್ಟಿದೆ,* ಎಂದು ತನಗೆ ತಾನೇ ನೆನಪಿಸಿಕೊಂಡಳು.

ಅವನು ಕಣ್ಣು ಮುಚ್ಚಿ ಹೊಡೆದ. ಚೆಂಡು ನೆಟ್ಟಗೆ, ದೂರ, ತುಂಬಾ ದೂರ ಹೋಯಿತು.

"ಎಲ್ಲಿ ಬಿತ್ತು?" ಎಂದ ಕಣ್ಣು ತೆರೆದು.

"ನಿಮಗೇ ಕಾಣ್ತಿದೆಯಲ್ಲ!"

"ನೀವು ಹೇಳಿ."

"ಬಾವುಟದ ಪಕ್ಕ. ಎರಡು ಹೆಜ್ಜೆ ಬಲಕ್ಕೆ."

ಅವನು ಉಸಿರು ಬಿಟ್ಟ. ಅವನ ಕಣ್ಣಲ್ಲಿ ನೀರು ತುಂಬಿದ್ದನ್ನು ಅವಳು ನೋಡಿದಳು. ಒಂದು ಒಳ್ಳೆಯ ಏಟಿಗೆ ಅಳುವ ಮೇಷ್ಟ್ರನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಅಂದಿನಿಂದ ದಿನಾ ಬೆಳಗ್ಗೆ ಅದೊಂದು ಪಾಠ. ಮಾತು ಕಡಿಮೆ. ಆದರೂ ಅವಳು ಮನೆಯಿಂದ ಬೇಗ ಹೊರಡತೊಡಗಿದಳು. ಕನ್ನಡಿಯ ಮುಂದೆ ನಿಲ್ಲುವುದು ಹೆಚ್ಚಾಯಿತು. ಅಕ್ಕನಿಗೆ ಇದೆಲ್ಲ ತಿಳಿಯದೇ ಇರುತ್ತದೆಯೇ?

"ಏನೇ ಕಡ್ಡಿ," ಎಂದಳು ಅಕ್ಕ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. ಸಣಕಲು ತಂಗಿಗೆ ಅವಳಿಟ್ಟ ಹೆಸರು ಅದು. "ಆ ದರಿದ್ರದವನು ಅಂತ ದಿನಕ್ಕೆ ಹತ್ತು ಸಲ ಬೈತಿದ್ದೆ. ಈಗ ಎರಡು ಸಲಕ್ಕೆ ಇಳಿದಿದೆ. ಮೈಗೆ ಹುಷಾರಿಲ್ವಾ?"

"ಸುಮ್ನಿರಕ್ಕಾ!"

ಅಕ್ಕ ಸುಮ್ಮನಿರಲಿಲ್ಲ. ಹಳದಿ ಬಟ್ಟೆಯಲ್ಲಿ ಹೊಸ ಅಂಗಿ ಹೊಲಿದುಕೊಟ್ಟಳು. ಅದನ್ನು ತೊಟ್ಟು ಮರುದಿನ ಬೆಳಗ್ಗೆ ಮೈದಾನಕ್ಕೆ ಹೋದಳು. ಅವನು ಕಾಲುದಾರಿಯಲ್ಲಿ ಎದುರಿಗೇ ಬರುತ್ತಿದ್ದ. ಅವಳು ನಿಂತಳು, ನಕ್ಕಳು. ಮೊದಲ ಸಲ ಅವನಿಗಾಗಿಯೇ ನಕ್ಕಳು!

ಅವನು ಹಾಗೇ ದಾಟಿಹೋದ. ಕಂಬವನ್ನು ದಾಟಿಹೋಗುವ ಹಾಗೆ.

*ಇಷ್ಟೇನಾ ನಾನು? ಒಂದು ನೋಟಕ್ಕೂ ಯೋಗ್ಯಳಲ್ಲವಾ?* ಸಾಮಾನು ಕೋಣೆಯೊಳಗೆ ಹೋಗಿ ಬುಟ್ಟಿಗಳ ನಡುವೆ ಕೂತು ಅತ್ತಳು. ಅವನ ಬೆಳಗಿನ ಪಾಠ ಅಂದಿಗೆ ನಿಂತಿತು. ಏಕೆಂದು ಅವನು ಕೇಳಿದ. "ಪುರುಸೊತ್ತಿಲ್ಲ," ಎಂದಳು.

ಕ್ಲಬ್ಬಿನ ವಾರ್ಷಿಕ ಪಂದ್ಯ ಬಂತು. ಮೇಷ್ಟ್ರು ಹಿರಿಯ ಸದಸ್ಯರ ಜೊತೆ ಆಡುತ್ತಿದ್ದ. ಅವಳು ನರ್ಸಮ್ಮನ ಜೊತೆ ಹಗ್ಗದಾಚೆ ನಡೆಯುತ್ತಿದ್ದಳು, ನೋಡಲು ಬಂದದ್ದಲ್ಲವೆಂದು ತೋರಿಸಿಕೊಳ್ಳುತ್ತಾ.

ಉದ್ದ ಹುಲ್ಲಿನಲ್ಲಿ ಎರಡು ಚೆಂಡುಗಳು ಹತ್ತಿರ ಹತ್ತಿರ ಬಿದ್ದಿದ್ದವು. ಎಲ್ಲ ಆಟಗಾರರೂ ತಮ್ಮ ಚೆಂಡಿಗೆ ಶಾಯಿಯಿಂದ ಗುರುತು ಹಾಕಿಕೊಂಡಿರುತ್ತಾರೆ. ಒಂದರ ಮೇಲೆ ದೊಡ್ಡ ಕೆಂಪು ಚುಕ್ಕೆ, ಅದು ಸದಸ್ಯರೊಬ್ಬರದು. ಮೇಷ್ಟ್ರು ಹೋಗಿ ಬಗ್ಗಿದ. ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದ. ಆಮೇಲೆ ನಿಂತು, ಆ ಕೆಂಪು ಚುಕ್ಕೆಯ ಚೆಂಡನ್ನೇ ಹೊಡೆದ!

"ಏಯ್ ಮೇಷ್ಟ್ರೇ, ಅದು ನನ್ನ ಚೆಂಡು!"

ಜನ ಗೊಳ್ಳೆಂದು ನಕ್ಕರು. "ಬೆಳಿಗ್ಗೇನೇ ಏರಿಸಿದಾರೆ," ಎಂದರು ಯಾರೋ. ಬೇರೆಯವರ ಚೆಂಡು ಹೊಡೆಯುವುದು ಹೊಸಬರೂ ನಾಚುವ ತಪ್ಪು. ಅವನು ಟೋಪಿ ತೆಗೆದು ಕ್ಷಮೆ ಕೇಳಿ ದಂಡದ ಏಟುಗಳನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಂಡ.

ನರ್ಸಮ್ಮ ನಗಲಿಲ್ಲ. "ಟೀಚರ್," ಎಂದರು ಮೆಲ್ಲಗೆ, "ಆ ತಲೆ ವಾಲಿಸೋದು ನೋಡಿದ್ರಾ? ಕಣ್ಣಿನ ವಾರ್ಡಲ್ಲಿ ಇಪ್ಪತ್ತು ವರ್ಷ ಇದ್ದೆ ನಾನು. ಕಣ್ಣಿನ ನಡುಭಾಗದ ನೋಟ ಹೋದವರು ಹಾಗೇ ನೋಡೋದು... ಅಂಚಿಂದ."

ಅವಳಿಗೆ ಆ ಹಳದಿ ಅಂಗಿಯ ಬೆಳಗು ನೆನಪಾಯಿತು.

ಪಂದ್ಯ ಮುಗಿದ ಮೇಲೆ ಅವನು ಸಾಮಾನು ಕೋಣೆಯ ಹಿಂದೆ ಮಗುಚಿಟ್ಟ ಬುಟ್ಟಿಯ ಮೇಲೆ ಕೂತಿದ್ದ. ಅವಳು ಸದ್ದಿಲ್ಲದೆ ಹೋಗಿ ಎದುರಿಗೆ ನಿಂತಳು. ಅವನು ಅವಳತ್ತಲೇ ನೇರ ಮುಖ ಮಾಡಿದ್ದ. ಆದರೂ ಅವಳು ಅಲ್ಲಿದ್ದಾಳೆಂದು ಅವನಿಗೆ ತಿಳಿಯಲಿಲ್ಲ.

"ಎಷ್ಟು ದಿನದಿಂದ?" ಎಂದಳು.

ಅವನು ಬೆಚ್ಚಿದ. ಆಮೇಲೆ ಮುಖವನ್ನು ಪಕ್ಕಕ್ಕೆ ತಿರುಗಿಸಿದ.

"ನಮ್ಮ ಪಂದ್ಯಕ್ಕೆ ಸ್ವಲ್ಪ ಮುಂಚೆ ಶುರುವಾಯ್ತು. ಏನು ನೋಡಬೇಕು ಅಂತ ನೆಟ್ಟಗೆ ನೋಡ್ತೀನೋ ಅದೇ ಅಳಿಸಿಹೋಗುತ್ತೆ. ಸುತ್ತಲೂ ಇರೋದು ಕಾಣುತ್ತೆ. ಔಷಧಿ ಇಲ್ಲ ಅಂದ್ರು ಡಾಕ್ಟ್ರು."

"ಆವತ್ತು... ಕೊನೇ ಕುಳಿ ಹತ್ರ?"

ಅವನು ಕೂತಿದ್ದ ಬುಟ್ಟಿಯ ಅಂಚನ್ನು ಬೆರಳಿನಿಂದ ಸವರಿದ.

"ಕುಳಿ ಒಳಗೆ ಕೂರಿಸಿರ್ತಾರಲ್ಲ, ಬಟ್ಟಲು, ಅದರ ಅಂಚು ಬಿಳಿ. ಬಿಸಿಲಿಗೆ ಹೊಳೀತಿತ್ತು. ನಿಮ್ಮ ಚೆಂಡು ಅದೇ ಅಂದ್ಕೊಂಡೆ. ಕುಳಿ ಬಾಯಲ್ಲೇ ನಿಂತಿದೆ, ಇದನ್ನ ಹೊಡಿ ಅನ್ನೋದು ಅವಮಾನ ಅಂದ್ಕೊಂಡು ಎತ್ಕೊಳ್ಳಿ ಅಂದೆ. ನಾಲ್ಕು ಅಡಿ ಅಂತ ನೀವು ಹೇಳಿದಾಗಲೇ ನನಗೆ ಗೊತ್ತಾಗಿದ್ದು."

ದೊಡ್ಡ ಮನಸ್ಸೂ ಅಲ್ಲ, ತಾತ್ಸಾರವೂ ಅಲ್ಲ. ಬರೀ ಒಂದು ಬಿಳಿ ಅಂಚು! ಅದಕ್ಕಾಗಿ ಅವಳು ಎರಡು ವರ್ಷ ಉರಿದಿದ್ದಳು.

"ಆಗಲೇ ಹೇಳಬಹುದಿತ್ತಲ್ಲ!"

"ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು."

"ಹೇಳದೆ ನಂದು ಹೋಯ್ತಲ್ಲಾ!"

ಆ ಮಾತು ಅವನಿಗೆ ಏಟಿನ ಹಾಗೆ ತಾಗಿತು. "ಹೌದು," ಎಂದ. "ಅದು ಗೊತ್ತಿದ್ದೇ ಸುಮ್ನಿದ್ದೆ. ಹೇಡಿ ನಾನು. ದಿನಾ ಬೆಳಿಗ್ಗೆ ಇವತ್ತು ಹೇಳ್ತೀನಿ ಅಂತಾನೇ ಬರ್ತಿದ್ದೆ."

"ಹಳದಿ ಬಟ್ಟೆ ಹಾಕ್ಕೊಂಡು ಎದುರಿಗೆ ನಿಂತಿದ್ದೆ ಒಂದಿನ. ದಾಟ್ಕೊಂಡು ಹೋದ್ರಿ!"

"ನಿಂತಿದ್ರಾ?" ಅವನ ದನಿ ಒಡೆಯಿತು. "ನಿಮ್ಮನ್ನ ನೆಟ್ಟಗೆ ನೋಡಿದ್ರೆ ನೀವು ಇರಲ್ಲ ಕಣ್ರೀ! ಬೇರೆ ಕಡೆ ನೋಡಿದಾಗ ಮಾತ್ರ ನೀವು ಸಿಗೋದು. ಮುಖ ನೋಡಿ ಮಾತಾಡಿ ಅಂದ್ರಿ ಆವತ್ತು. ನಿಮ್ಮ ಮುಖ ನೋಡೋಕೇ ಪಕ್ಕಕ್ಕೆ ತಿರುಗ್ತಿದ್ದೆ..."

ಅವಳಿಗೆ ಕೂತು ಅಳಬೇಕೆನಿಸಿತು, ಅವನ ಕೆನ್ನೆಗೆ ಹೊಡೆಯಬೇಕೆನಿಸಿತು, ಎರಡೂ ಒಟ್ಟಿಗೇ. ಎರಡನ್ನೂ ಮಾಡದೆ ತಿರುಗಿ ಹೋದಳು.

ಮರುದಿನ ಅವನು ಸದಸ್ಯರೆಲ್ಲ ಸೇರಿದ್ದ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದ. ಮುಚ್ಚಿಡಲಿಲ್ಲ, ಸಬೂಬು ಹೇಳಲಿಲ್ಲ. "ಆವತ್ತು ನಾನು ಏನನ್ನೂ ಕೊಟ್ಟಿಲ್ಲ. ಹದಿನೇಳು ಕುಳಿ ಅವರು ನನಗೆ ಸಮ ಆಡಿದ್ರು. ಕೊನೇದರಲ್ಲಿ ನಾನು ತಪ್ಪಿದೆ. ಅವರ ಹೆಸರು ಕಳಿಸಿ," ಎಂದ.

ಅವಳು ಬಾಗಿಲ ಬಳಿ ನಿಂತಿದ್ದಳು. ಎದೆ ತುಂಬಿ ಬಂತು. *ಕೊನೆಗೂ...*

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿದರು. "ಅಯ್ಯೋ ಮೇಷ್ಟ್ರೇ, ಪಾಪ... ಅಂದ್ರೆ ಆ ಹುಡುಗಿ ಗೆದ್ದಿದ್ದು ಕುರುಡನ ಮೇಲಾ!"

ಒಬ್ಬರು ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಕೆಟ್ಟ ನಗುವೇನಲ್ಲ ಅದು, ಚಹಾದ ಜೊತೆಗಿನ ನಗು. ಅದಕ್ಕೇ ಹೆಚ್ಚು ಚುಚ್ಚಿತು. ಇಷ್ಟು ದಿನ ಅವಳ ಗೆಲುವು ಭಿಕ್ಷೆಯಾಗಿತ್ತು, ಇಂದು ತಮಾಷೆಯಾಯಿತು. ಆಡುವವರ ಬಾಯಿಗೆ ಬೀಗ ಹಾಕಲು ಯಾರಿಂದ ಸಾಧ್ಯ? ಸುಳ್ಳಿನಿಂದ ಹೋದದ್ದು ಸತ್ಯದಿಂದಲೂ ಬರಲಿಲ್ಲ. ಅದು ಇನ್ನು ಯಾವತ್ತೂ ಬರುವುದಿಲ್ಲವೆಂದು ಅವಳಿಗೆ ಆ ಬಾಗಿಲಲ್ಲೇ ಗೊತ್ತಾಯಿತು.

ಅವನಿಗೆ ಎರಡು ಒಳ್ಳೆಯ ಮಾತು ಹೇಳಿ, ಕೆಲಸದಿಂದ ಬಿಡಿಸಿ ಕಳಿಸಿದರು. ಅವನು ತನ್ನ ಕೋಲುಗಳ ಚೀಲ ಹೊತ್ತು, ಗೋಡೆಗೆ ಕೈ ತಾಗಿಸಿಕೊಂಡು ಗೇಟು ದಾಟಿದ. ಅವಳು ಕೂಗಲಿಲ್ಲ. ಸಿಟ್ಟು ಅಡ್ಡ ನಿಂತಿತ್ತು. ಅಥವಾ ಅದು ಸಿಟ್ಟಲ್ಲವೋ ಏನೋ.

ಒಂದು ವಾರ ಕಳೆದ ಮೇಲೆ ಕಾರ್ಯದರ್ಶಿಯೇ ಅವಳನ್ನು ಕರೆಸಿದರು. "ಮುಖ್ಯ ತರಬೇತುದಾರರ ಜಾಗ ಖಾಲಿ ಬಿದ್ದಿದೆ. ಹೊರಗಿನವರು ಯಾರೂ ಸಿಗ್ತಿಲ್ಲ. ನೀನೇ ನೋಡ್ಕೋ. ಹೆಂಗಸು ಈ ಕುರ್ಚೀಲಿ ಕೂರೋದು ಇದೇ ಮೊದಲು, ಜ್ಞಾಪಕ ಇರಲಿ!"

ಅವಳು ಮನೆಗೆ ಬಂದು ಹೊಲಿಗೆ ಯಂತ್ರದ ಪಕ್ಕ ಕುಸಿದು ಕೂತಳು.

"ಅಕ್ಕಾ, ನನಗೆ ಸಿಗೋದೆಲ್ಲ ಅವನು ಬಿಟ್ಟಿದ್ದೇ ಯಾಕೆ? ಗೆಲುವೂ ಅವನು ಬಿಟ್ಟಿದ್ದು, ಕೆಲಸಾನೂ ಅವನು ಬಿಟ್ಟಿದ್ದು. ನನ್ನದು ಅಂತ ಏನೂ ಇಲ್ವಾ?"

ಅಕ್ಕ ಯಂತ್ರ ನಿಲ್ಲಿಸಿದಳು. "ಬೇಜಾರು ಕೆಲಸದ್ದಾ ಕಡ್ಡಿ, ಇಲ್ಲಾ ಅವನದ್ದಾ?"

ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಅವಳ ತಲೆಯನ್ನು ಮಡಿಲಿಗೆಳೆದುಕೊಂಡಳು.

"ಅವನು ನಿನಗೆ ಅನ್ಯಾಯ ಮಾಡಿದಾನೆ. ಅದು ಹೌದು. ಕ್ಷಮಿಸು ಅಂತ ನಾನಂತೂ ಹೇಳಲ್ಲ, ನಿನ್ನ ನೋವು ನಿಂದು. ಆದ್ರೆ ಅವನಿಲ್ಲದ ಮೈದಾನದಲ್ಲಿ ನಿನ್ನ ಮುಖ ಹೇಗಿರುತ್ತೆ ಅಂತ ವಾರದಿಂದ ನೋಡ್ತಿದೀನಿ. ನನಗೆ ನೋಡೋಕಾಗ್ತಿಲ್ಲ ಕಣೇ."

ಅವನ ಮನೆ ಬೇಕರಿಯೊಂದರ ಮೇಲಿನ ಒಂದೇ ಕೋಣೆ. ಮೆಟ್ಟಿಲು ಕಡಿದಾಗಿತ್ತು. ಬಾಗಿಲು ತೆರೆದೇ ಇತ್ತು. ಅವನು ನೆಲದ ಮೇಲೆ ಕೂತು ಪಾತ್ರೆಗಳನ್ನು ತಡವಿ ತಡವಿ ಜೋಡಿಸಿಡುತ್ತಿದ್ದ, ಮುಂದಿನ ದಿನಗಳಿಗೆ ಕೈಯನ್ನು ಪಳಗಿಸುತ್ತಾ.

"ಟೀಚರ್," ಎಂದ ಅವನು, ತಲೆಯೆತ್ತದೆ.

"ಹೇಗೆ ಗೊತ್ತಾಯ್ತು?"

"ನಿಮ್ಮ ಹೆಜ್ಜೆ ಸದ್ದು. ಸಿಟ್ಟು ಬಂದಾಗ ಹಿಮ್ಮಡಿ ಊರಿ ನಡೀತೀರಿ."

ನಗು ಬಂದರೂ ಅವಳು ನಗಲಿಲ್ಲ. ನಿಂತೇ ಹೇಳಿದಳು. "ನಿಮ್ಮ ಕುರ್ಚಿ ನನಗೆ ಕೊಡ್ತಾರಂತೆ."

ಅವನ ಮುಖ ಅರಳಿತು. ನಿಜವಾಗಿಯೂ ಅರಳಿತು! "ಒಪ್ಕೊಂಡ್ರಾ?"

"ಇನ್ನೂ ಇಲ್ಲ. ನೀವು ಬಿಟ್ಟಿದ್ದನ್ನ ಎತ್ತಿಕೊಳ್ಳೋಕೆ ನನಗೆ ಬೇಜಾರು."

"ಇದು ನಾನು ಕೊಟ್ಟಿದ್ದಲ್ಲ ಟೀಚರ್. ಕೊಡೋಕೆ ಈಗ ನನ್ನ ಹತ್ರ ಏನಿದೆ? ನರ್ಸಮ್ಮನಿಗೆ ಹೊಡೆಯೋಕೆ ಕಲಿಸಿದ್ದು ನೀವು. ಕಣ್ಣಿಲ್ಲದ ನನಗೆ ಮತ್ತೆ ಆಟ ಕಲಿಸಿದ್ದು ನೀವು. ಮಾಡಿ ಆ ಕೆಲಸ. ನಿಮ್ಮ ಹಿಂದೆ ಬರೋ ಹುಡುಗೀರ ಹೆಸರನ್ನ ನೀವೇ ಕಳಿಸಿ. ಅವರನ್ನ ತಡೆಯೋಕೆ ಬಾಗಿಲಲ್ಲಿ ಯಾರೂ ಇರಬಾರದು."

ಅವಳು ಎರಡು ವರ್ಷದಿಂದ ಯಾರನ್ನೂ ಕೇಳದ, ಅಕ್ಕನನ್ನೂ ಕೇಳದ ಪ್ರಶ್ನೆಯನ್ನು ಕೊನೆಗೂ ಕೇಳಿದಳು.

"ನಿಜ ಹೇಳಿ. ಆವತ್ತು ಹೊಡೆದಿದ್ರೆ... ಬೀಳ್ತಿತ್ತಾ?"

ಬೀಳುತ್ತಿತ್ತು ಎಂದುಬಿಟ್ಟಿದ್ದರೆ ಅವಳು ಅಲ್ಲಿಂದಲೇ ಹಿಂದಿರುಗುತ್ತಿದ್ದಳು. ಅಂಥ ಸಿಹಿ ಮಾತು ಅವಳಿಗೆ ಬೇಕಿರಲಿಲ್ಲ.

"ಗೊತ್ತಿಲ್ಲ," ಎಂದ ಅವನು. "ನಿಮಗೂ ಗೊತ್ತಾಗಲ್ಲ ಇನ್ನು. ಅದನ್ನ ನಾನು ನಿಮ್ಮಿಂದ ಕಿತ್ಕೊಂಡೆ. ಗೆಲುವಲ್ಲ... ಅದು ಬೀಳುತ್ತೋ ಇಲ್ವೋ ಅಂತ ನೋಡೋ ಹಕ್ಕು. ಅದಕ್ಕೆ ಪರಿಹಾರ ಇಲ್ಲ. ಸಾಯೋವರೆಗೂ ನನ್ನ ಮೇಲೆ ಇರುತ್ತೆ ಅದು."

ಅವಳು ಅತ್ತಳು. ನಿಂತಲ್ಲೇ, ಮುಖ ಮುಚ್ಚಿಕೊಳ್ಳದೆ ಅತ್ತಳು. ತನ್ನ ನೋವಿಗೆ ಸರಿಯಾದ ಹೆಸರಿಟ್ಟವನು ಈ ಲೋಕದಲ್ಲಿ ಇವನೊಬ್ಬನೇ, ನೋವು ಕೊಟ್ಟವನೂ ಇವನೇ! ಏನು ಮಾಡುವುದು ಇಂಥ ಹಣೆಬರಹಕ್ಕೆ?

"ನಾನು ಇಲ್ಲಿಗೆ ಯಾಕೆ ಬಂದೆ ಗೊತ್ತಾ?" ಎಂದಳು ಕಣ್ಣೊರೆಸಿಕೊಂಡು.

"ಕನಿಕರಕ್ಕೆ ಬಂದಿದ್ರೆ ಹೋಗಿಬಿಡಿ," ಎಂದ ಅವನು ಮೆಲ್ಲಗೆ. "ಅದು ಹೇಗಿರುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ."

"ಕನಿಕರ ಅಲ್ಲ. ನನಗೆ ನೀವು ಬೇಕು. ಸಿಟ್ಟು ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ. ಸಿಟ್ಟು ಇಟ್ಕೊಂಡೇ ನೀವು ಬೇಕು."

ಅವನ ಕೈಯಿಂದ ಪಾತ್ರೆ ಜಾರಿ ಉರುಳಿತು. ಅದನ್ನು ಹುಡುಕಲೂ ಇಲ್ಲ ಅವನು.

"ಯೋಚನೆ ಮಾಡಿ. ಅಂಚಿನ ಬೆಳಕೂ ಹೋಗಬಹುದು ಅಂತಾರೆ. ಜನ ನಿಮ್ಮನ್ನ ತ್ಯಾಗಮಯಿ ಅಂತಾರೆ, ಇಲ್ಲಾ ಹುಚ್ಚಿ ಅಂತಾರೆ."

"ಜನ ನನ್ನ ಗೆಲುವನ್ನೇ ಒಪ್ಪಲಿಲ್ಲ. ಇನ್ನು ನನ್ನ ಸಂಸಾರಕ್ಕೆ ಅವರ ಒಪ್ಪಿಗೆ ಯಾಕೆ?"

ಅವನು ಕೈ ಚಾಚಿದ. ಅವಳ ದಿಕ್ಕಿಗಲ್ಲ, ಒಂದಿಷ್ಟು ತಪ್ಪಿ, ಬರೀ ಗಾಳಿಗೆ. ಅವಳು ಸರಿದು ಹೋಗಿ ಆ ಕೈಯನ್ನು ಹಿಡಿದುಕೊಂಡಳು. ಕೆಳಗಿನ ಬೇಕರಿಯಿಂದ ಬ್ರೆಡ್ಡಿನ ಬಿಸಿ ವಾಸನೆ ಬರುತ್ತಿತ್ತು. ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲಿತ್ತು.

"ಈಗ ಕಾಣ್ತೀನಾ?" ಎಂದಳು ಅವನ ಎದುರಿಗೆ ಕೂತು.

"ಇಲ್ಲ. ಸ್ವಲ್ಪ ಬಲಕ್ಕೆ ಬನ್ನಿ."

ಸರಿದು ಕೂತಳು.

"ಈಗ?"

"ಇನ್ನೂ ಸ್ವಲ್ಪ... ಹಾಂ, ಅಲ್ಲೇ ಇರು. ಅಲ್ಲಾಡಬೇಡ."

'ಬನ್ನಿ' ಎಂದವನು 'ಇರು' ಎಂದದ್ದು ಅವನ ಗಮನಕ್ಕೆ ಬರಲಿಲ್ಲ. ಅವಳ ಗಮನಕ್ಕೆ ಬಂತು.

"ಹೇಗಿದೀನಿ ಹೇಳು."

"ಅಳ್ತಿದೀಯ."

"ಬೇರೆ ಏನೂ ಕಾಣಲ್ವಾ?"

"ಕಾಣುತ್ತೆ. ತಡಿ, ಆತುರ ಮಾಡಬೇಡ. ಬೆಳಕಿದೆಯಲ್ಲ, ಇನ್ನೂ ಸ್ವಲ್ಪ ಹೊತ್ತು ನೋಡ್ತೀನಿ."